ವೈ ಒತ್ತಿ ಕಳೆದುಕೊಂಡ ಎರಡು ಗಂಟೆ

ಸುಮಾರು ಒಂದು ವರ್ಷದಿಂದ ನಾನು ಗಿಟ್ (ಕೋಡ್‌ನಲ್ಲಿ ಆದ ಬದಲಾವಣೆಗಳ ಲೆಕ್ಕ ಇಡುವ ಸಾಫ್ಟ್‌ವೇರ್) ಕಮಾಂಡ್‌ಗಳನ್ನು ಕೈಯಾರೆ ಟೈಪ್ ಮಾಡುವುದು ಕಡಿಮೆ. ಟರ್ಮಿನಲ್‌ನಲ್ಲೇ ಓಡುವ ಒಂದು ಎಐ ಟೂಲ್ ಇದೆ, ಅದಕ್ಕೆ ಹೇಳಿಬಿಡುತ್ತೇನೆ. "ಇದನ್ನು ಮೂರು ಕಮಿಟ್ ಮಾಡು", "ಮೇನ್ ಮೇಲೆ ರೀಬೇಸ್ ಮಾಡು", ಅಷ್ಟೇ. ಕಮಿಟ್ ಅಂದರೆ ಒಂದಿಷ್ಟು ಬದಲಾವಣೆಯನ್ನು ಗಿಟ್‌ನಲ್ಲಿ ಉಳಿಸಿಡುವುದು. ಮೇನ್ ಅಂದರೆ ಟೀಮಿನವರೆಲ್ಲರ ಮುಖ್ಯ ಕೋಡ್, ರೀಬೇಸ್ ಅಂದರೆ ಅದರ ಹೊಸ ರೂಪದ ಮೇಲೆ ನಮ್ಮ ಕಮಿಟ್‌ಗಳನ್ನು ಮತ್ತೆ ಕೂರಿಸುವುದು. ಟೂಲ್ ಡಿಫ್ (ಏನೇನು ಬದಲಾಗಿದೆ ಅನ್ನುವ ಪಟ್ಟಿ) ಓದಿ, ಕಮಾಂಡ್ ಬರೆದು, ಓಡಿಸಲಾ ಅಂತ ಕೇಳುತ್ತದೆ. ನಾನು ವೈ (ಯೆಸ್) ಒತ್ತುತ್ತೇನೆ. ದಿನಕ್ಕೆ 50 ಸಲ ಒತ್ತುತ್ತೇನೋ ಏನೋ. ಅದರಲ್ಲಿ 45 ಸಲ ಬರೀ ಗಿಟ್ ಸ್ಟೇಟಸ್, ಗಿಟ್ ಲಾಗ್, ಗಿಟ್ ಡಿಫ್. ಅಂದರೆ ಸುಮ್ನೆ ನೋಡುವ ಕಮಾಂಡ್‌ಗಳು, ಏನನ್ನೂ ಮುಟ್ಟದಂಥವು. ಅವಕ್ಕೂ ಅದು ಒಪ್ಪಿಗೆ ಕೇಳುತ್ತಿತ್ತು, ಯಾಕೆಂದರೆ ಸೆಟ್ಟಿಂಗ್ಸ್ ಕಡೆ ನಾನು ತಲೆ ಹಾಕಿಯೇ ಇರಲಿಲ್ಲ.

ಆ ದಿನ ಬೆಳಿಗ್ಗೆ ಎಲ್ಲಾ ಚೆನ್ನಾಗಿಯೇ ಶುರುವಾಯಿತು. ಹಿಂದಿನ ದಿನ ಒಂದೇ ಉಸಿರಿಗೆ ಬರೆದು ಹಾಕಿದ್ದ ಬದಲಾವಣೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿದ್ದವು. ಬಗ್ ಫಿಕ್ಸ್ ಒಂದು, ಹೆಸರು ಬದಲಿಸಿದ್ದು ಒಂದು, ಹೊಸ ಫೀಚರ್ ಅರ್ಧ. ಇದನ್ನು ತುಂಡು ತುಂಡಾಗಿ ಆರಿಸಿ ಆಡ್ ಮಾಡುವುದು ನನಗೆ ಪರಮ ಬೇಜಾರಿನ ಕೆಲಸ. ಟೂಲ್ ಎರಡು ನಿಮಿಷದಲ್ಲಿ ಮುಗಿಸಿತು. ನಾನು ಮರೆತು ಬಿಟ್ಟಿದ್ದ ಒಂದು ಡೀಬಗ್ ಸಾಲನ್ನು ಕಮಿಟ್‌ಗೆ ಸೇರಿಸದೆ, "ಇದು ಬೇಕಾ?" ಅಂತ ಬೇರೆ ಕೇಳಿತು. ಖುಷಿಯಾಯಿತು. ಈ ಖುಷಿಯೇ ಆಮೇಲೆ ಕೈ ಕೊಟ್ಟಿದ್ದು ಅನ್ನಿಸುತ್ತದೆ.

ಮುಂದೆ ರೀಬೇಸ್. ಒಂದೇ ಒಂದು ಕಾನ್‌ಫ್ಲಿಕ್ಟ್ (ಒಂದೇ ಸಾಲನ್ನು ಎರಡು ಕಡೆ ಬೇರೆ ಬೇರೆ ಥರ ಬದಲಿಸಿದ್ದು) ಬಂತು, ಕಾನ್ಫಿಗ್ ಫೈಲ್‌ನಲ್ಲಿ. ಟೈಮ್‌ಔಟ್, ಅಂದರೆ ಉತ್ತರಕ್ಕಾಗಿ ಹೆಚ್ಚೆಂದರೆ ಎಷ್ಟು ಹೊತ್ತು ಕಾಯಬೇಕು ಅನ್ನುವುದು, ಮೊದಲು 20 ಸೆಕೆಂಡ್ ಇತ್ತು. ನನ್ನ ಬ್ರಾಂಚ್‌ನಲ್ಲಿ (ಮೇನ್‌ನಿಂದ ಕವಲೊಡೆದ ನನ್ನ ಕೆಲಸದ ಸಾಲಿನಲ್ಲಿ) ಅದು 30 ಆಗಿತ್ತು, ಮೇನ್‌ನಲ್ಲಿ ಯಾರೋ 10 ಮಾಡಿದ್ದರು. ನಾನು "ನಮ್ಮದನ್ನೇ ಇಟ್ಟುಕೋ" ಅಂದೆ. ಅದು ಅವರ್ಸ್ (ಇಂಗ್ಲಿಷ್‌ನಲ್ಲಿ 'ನಮ್ಮದು') ಅಂತ ಆಯ್ಕೆ ಕೊಟ್ಟು ಕಮಾಂಡ್ ಬರೆಯಿತು. ವೈ.

ರೀಬೇಸ್ ಮಾಡಿದವರಿಗೆ ಇಲ್ಲಿ ಏನಾಯಿತು ಅಂತ ಗೊತ್ತಾಗಿರಬೇಕು. ಮರ್ಜ್‌ನಲ್ಲಿ (ಎರಡು ಬ್ರಾಂಚ್‌ಗಳನ್ನು ಒಂದು ಮಾಡುವಾಗ) ಅವರ್ಸ್ ಅಂದರೆ ನಾವು ನಿಂತಿರುವ ಬ್ರಾಂಚ್. ರೀಬೇಸ್‌ನಲ್ಲಿ ಗಿಟ್ ಮೊದಲು ಮೇನ್ ಮೇಲೆ ಹೋಗಿ ನಿಂತು, ಅಲ್ಲಿಂದ ನಮ್ಮ ಕಮಿಟ್‌ಗಳನ್ನು ಒಂದೊಂದಾಗಿ ಎತ್ತಿ ಹಾಕಿಕೊಳ್ಳುತ್ತದೆ. ಹಾಗಾಗಿ ಅವರ್ಸ್ ಅಂದರೆ ಮೇನ್, ದೇರ್ಸ್ ('ಅವರದು') ಅಂದರೆ ನಾವು. ಗಿಟ್ ಬಂದದ್ದು 2005ರಲ್ಲಿ, ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಕರ್ನಲ್ ಕೆಲಸಕ್ಕೆಂದು ಬರೆದದ್ದು, ಇಷ್ಟು ವರ್ಷವಾದರೂ ಈ ತಲೆಕೆಳಗು ಲೆಕ್ಕ ಹಾಗೇ ಇದೆ. ಒಟ್ಟಿನಲ್ಲಿ ನನ್ನ 30 ಹೋಗಿ 10 ಉಳಿಯಿತು. ನಾನು ನೋಡಲಿಲ್ಲ.

ಆಮೇಲೆ ಎರಡು ಗಂಟೆ ಹೊಸ ಕೆಲಸ ಮಾಡಿದೆ. ಐದು ಫೈಲ್. ಮಧ್ಯದಲ್ಲಿ ಒಮ್ಮೆ, ಈ ಮೂರು ಸರಿ ಇವೆ, ಸ್ಟೇಜ್ ಮಾಡು (ಮುಂದಿನ ಕಮಿಟ್‌ಗೆಂದು ಗಿಟ್ ಆಡ್ ಮಾಡಿ ಇಡು) ಅಂದಿದ್ದು ನೆನಪಿದೆ. ಕಮಿಟ್ ಮಾಡಿರಲಿಲ್ಲ. ಟೆಸ್ಟ್ ಓಡಿಸಿದರೆ ಒಂದು ಟೆಸ್ಟ್ 10 ಸೆಕೆಂಡಿಗೆ ಟೈಮ್‌ಔಟ್ ಆಗಿ ಬೀಳುತ್ತಿದೆ. 10 ಎಲ್ಲಿಂದ ಬಂತು ಅಂತ ಹುಡುಕಿದಾಗ ಬೆಳಗಿನ ಎಡವಟ್ಟು ಗೊತ್ತಾಯಿತು. ಸಿಟ್ಟು ಬಂತು, ಆ ಸಿಟ್ಟಿನಲ್ಲೇ ಟೈಪ್ ಮಾಡಿದೆ: "ರೀಬೇಸ್‌ಗೆ ಮುಂಚೆ ಹೇಗಿತ್ತೋ ಹಾಗೆ ಮಾಡು." ಟೂಲ್ ರಿಫ್‌ಲಾಗ್ (ಹಿಂದೆ ಯಾವ ಯಾವ ಕಮಿಟ್ ಮೇಲೆ ನಿಂತಿದ್ದೆವು ಅನ್ನುವ ದಾಖಲೆ) ನೋಡಿತು, ಹಳೆಯ ಕಮಿಟ್ ಹುಡುಕಿತು, ಎಲ್ಲವನ್ನೂ ಆ ಕಮಿಟ್‌ನ ಸ್ಥಿತಿಗೆ ತರುವ ಗಿಟ್ ರಿಸೆಟ್ ಹಾರ್ಡ್ ಅಂತ ಬರೆಯಿತು. ಕೆಳಗೆ ಒಂದು ಸಾಲು ಕೂಡ ಇತ್ತು, ಕಮಿಟ್ ಆಗದ ಬದಲಾವಣೆಗಳು ಅಳಿಸಿಹೋಗುತ್ತವೆ ಅಂತ. ಆ ಸಾಲನ್ನು ನಾನು ಓದಿದ್ದು ವೈ ಒತ್ತಿದ ಮೇಲೆ.

ಹೊಟ್ಟೆಯಲ್ಲಿ ತಣ್ಣಗಾಯಿತು ನೋಡಿ. ಟೂಲ್ ತಪ್ಪು ಮಾಡಿತು ಅಂತ ಬೈಯೋಣ ಅಂದರೆ ಅದೂ ಆಗುವುದಿಲ್ಲ, ಕೇಳಿದ್ದನ್ನೇ ಮಾಡಿದೆ, ಕೇಳಿಯೇ ಮಾಡಿದೆ. ರಿಫ್‌ಲಾಗ್ ಇದೆಯಲ್ಲ ಅನ್ನಬಹುದು. ಅದು ಕಮಿಟ್ ಆದದ್ದಕ್ಕೆ ಮಾತ್ರ. ಕಮಿಟ್ ಒಂದಾಗಿದ್ದರೆ, ಯಾವ ಬ್ರಾಂಚ್‌ಗೂ ಸೇರದೆ ಹೋಗಿದ್ದರೂ, ಡೀಫಾಲ್ಟ್ ಆಗಿ 30 ದಿನ ಅಲ್ಲಿ ಸಿಗುತ್ತಿತ್ತು.

ಆದರೆ ಸ್ಟೇಜ್ ಮಾಡಿದ್ದ ಮೂರು ಫೈಲ್ ಇದ್ದವು. ಗಿಟ್ ಆಡ್ ಅಂದ ಕ್ಷಣವೇ ಆ ಫೈಲ್‌ನ ಒಂದು ಪ್ರತಿ ಬ್ಲಾಬ್ ಆಗಿ ಗಿಟ್‌ನ ಒಳಗಿನ ಫೋಲ್ಡರ್‌ಗೆ ಹೋಗಿಬಿಡುತ್ತದೆ, ರಿಸೆಟ್ ಅದನ್ನು ಮುಟ್ಟುವುದಿಲ್ಲ. ಗಿಟ್ ಎಫ್ಎಸ್‌ಸಿಕೆ ಕಮಾಂಡ್‌ಗೆ ಲಾಸ್ಟ್ ಫೌಂಡ್ ಅಂತ ಕೊಟ್ಟರೆ ಇಂಥ ಅನಾಥ ಬ್ಲಾಬ್‌ಗಳನ್ನೆಲ್ಲ ಎತ್ತಿ ಒಂದು ಕಡೆ ಹಾಕುತ್ತದೆ. 41 ಬಂದವು. ತೊಂದರೆ ಏನೆಂದರೆ ಬ್ಲಾಬ್‌ಗೆ ಹೆಸರಿರುವುದಿಲ್ಲ, ಒಳಗಿನ ಪಠ್ಯ ಮಾತ್ರ. ಫೈಲ್ ಹೆಸರಿನ ಜಾಗದಲ್ಲಿ ಉದ್ದನೆಯ ಹ್ಯಾಶ್, ಅಂದರೆ ಅಕ್ಷರ ಅಂಕಿಗಳ ಒಂದು ಸಾಲು. ಇಲ್ಲಿ ಟೂಲ್ ನಿಜಕ್ಕೂ ಉಪಕಾರ ಮಾಡಿತು. 41ನ್ನೂ ಓದಿ, ಇದು ಈ ಫೈಲ್, ಇದು ಅದರದೇ ಹಳೆಯ ರೂಪ ಅಂತ ವಿಂಗಡಿಸಿಕೊಟ್ಟಿತು. ಎರಡು ಫೈಲ್ ಹಾಗ್‌ಹಾಗೇ ಸಿಕ್ಕವು. ಮೂರನೆಯದು ಸ್ಟೇಜ್ ಮಾಡಿದ ಮೇಲೆ ಮತ್ತೆ ತಿದ್ದಿದ್ದೆ, ಆ ತಿದ್ದುಪಡಿ ಹೋಯಿತು.

ನಾಲ್ಕನೆಯದು ಹೊಸ ಟೆಸ್ಟ್ ಫೈಲ್. ಅದನ್ನು ಆಡ್ ಮಾಡುವುದನ್ನೇ ಮರೆತಿದ್ದೆ, ಅದರಿಂದಲೇ ಉಳಿಯಿತು. ಗಿಟ್‌ಗೆ ಗೊತ್ತೇ ಇಲ್ಲದ ಫೈಲ್‌ನ ತಂಟೆಗೆ ರಿಸೆಟ್ ಸಾಮಾನ್ಯವಾಗಿ ಹೋಗುವುದಿಲ್ಲ. ಸೋಮಾರಿತನ ಕಾಪಾಡಿದ್ದು ಅದೊಂದೇ ಸಲ.

ಐದನೆಯದೇ ಕಷ್ಟ. ಅದರಲ್ಲಿ ಟೂಲ್ ಬರೆದ ಭಾಗ ನಮ್ಮ ಮಾತುಕತೆಯಲ್ಲೇ ಮೇಲೆಲ್ಲೋ ಇತ್ತು, ಮತ್ತೆ ಹಾಕು ಅಂದರೆ ಹಾಕಿತು. ನಾನು ಎಡಿಟರ್‌ನಲ್ಲಿ ಕೈಯಾರೆ ಮಾಡಿದ್ದು ಮಾತ್ರ ಅದಕ್ಕೆ ಗೊತ್ತಿರಲಿಲ್ಲ. ಕೂತು ಮತ್ತೆ ಬರೆದೆ, 40 ನಿಮಿಷ ಹಿಡಿಯಿತು.

ಅವತ್ತೇ ಸೆಟ್ಟಿಂಗ್ಸ್ ತೆಗೆದು ಕೂತೆ. ಸ್ಟೇಟಸ್, ಡಿಫ್, ಲಾಗ್ ಇವಕ್ಕೆ ಇನ್ನು ಕೇಳಬೇಡ, ನೀನೇ ಓಡಿಸಿಕೋ ಅಂದೆ. ರಿಸೆಟ್ ಹಾರ್ಡ್, ಗಿಟ್ ಕ್ಲೀನ್, ಫೋರ್ಸ್ ಪುಶ್ ಇಂಥ ಇದ್ದದ್ದನ್ನು ಅಳಿಸಿಬಿಡಬಲ್ಲ ಕಮಾಂಡ್‌ಗಳನ್ನು ಅದು ಓಡಿಸುವ ಹಾಗೇ ಇಲ್ಲ, ಬೇಕಾದರೆ ನಾನೇ ಟೈಪ್ ಮಾಡುತ್ತೇನೆ. ಈಗ ದಿನಕ್ಕೆ ನಾಲ್ಕೈದು ಸಲ ಮಾತ್ರ ಕೇಳುತ್ತದೆ. ಕೇಳಿದಾಗ ಓದುತ್ತೇನೆ, ಬೇರೆ ಏನು ಮಾಡಲಿ.

ಎಲ್ಲಾ ಸರಿಯಾದ ಮೇಲೆ ಒಂದು ಕುತೂಹಲ ಉಳಿದಿತ್ತು. ಆ 10 ಯಾರು ಮಾಡಿದ್ದು, ಯಾಕೆ? ಗಿಟ್ ಬ್ಲೇಮ್ (ಯಾವ ಸಾಲನ್ನು ಯಾರು ಬದಲಿಸಿದ್ದು ಅಂತ ತೋರಿಸುವ ಕಮಾಂಡ್) ನೋಡಿದೆ. ನಮ್ಮ ಟೀಮಿನವರೇ, ಕಮಿಟ್ ಮೆಸೇಜ್‌ನಲ್ಲಿ ಮೂರು ಸಾಲು ಬರೆದಿದ್ದರು: ನಮ್ಮ ಸರ್ವರ್ ಮುಂದಿರುವ ಪ್ರಾಕ್ಸಿ (ನಡುವೆ ನಿಂತು ಕೋರಿಕೆಗಳನ್ನು ದಾಟಿಸುವ ಸರ್ವರ್) 10 ಸೆಕೆಂಡಿಗೆ ಕನೆಕ್ಷನ್ ಕತ್ತರಿಸುತ್ತದೆ, ಅದಕ್ಕಿಂತ ಜಾಸ್ತಿ ಕಾಯುವುದರಲ್ಲಿ ಅರ್ಥವಿಲ್ಲ. ಇನ್ನು ನನ್ನ 30ರ ಕಮಿಟ್? ಅದರ ಮೆಸೇಜ್ ಟೂಲ್ ಬರೆದದ್ದು. "ಟೈಮ್‌ಔಟ್ 20ರಿಂದ 30ಕ್ಕೆ ಏರಿಕೆ." ಡಿಫ್‌ನಲ್ಲಿ ಕಾಣುವುದನ್ನೇ ಹೇಳಿದೆ, ಪಾಪ, ಅದಕ್ಕೆ ಇನ್ನೇನು ಗೊತ್ತು. ಯಾಕೆ ಏರಿಸಿದೆ ಅಂತ ನನಗೂ ನೆನಪಾಗಲಿಲ್ಲ.

ಮತ್ತೆ ರೀಬೇಸ್ ಮಾಡಿದೆ. ಅದೇ ಕಾನ್‌ಫ್ಲಿಕ್ಟ್ ಬಂತು. 10 ಅನ್ನೇ ಇಟ್ಟುಕೊಂಡು, ನಿಧಾನವಾಗಿದ್ದ ಆ ಟೆಸ್ಟನ್ನು ಸರಿಮಾಡಲು ಕೂತೆ.