ಅಪ್ಪನ ಮನೆ ಮಾರುವ ತಕರಾರು: ಕೋರ್ಟಿಗೆ ಹೋಗುವ ಮುಂಚೆ ತಿಳಿದಿರಬೇಕಾದದ್ದು

ಶಿರಸಿಯಲ್ಲೋ ಕಾರವಾರದಲ್ಲೋ ಅಪ್ಪ ಕಟ್ಟಿಸಿದ ಮನೆ. ಅಣ್ಣ ಅದರಲ್ಲೇ ಇದ್ದಾನೆ, ತಮ್ಮ ಮುಂಬಯಿಯಲ್ಲಿ, ತಂಗಿ ಮದುವೆಯಾಗಿ ಗೋವಾದಲ್ಲಿ. ಮಾರೋಣ ಅಂತ ಇಬ್ಬರು, ಬೇಡ ಅಂತ ಅಣ್ಣ. ಮನೆ ಮಾರಿಸಿಕೊಡಿ ಅಂತ ನೇರವಾಗಿ ದಾವೆ ಹಾಕಲು ಬರುವುದಿಲ್ಲ. ಹಾಕಬೇಕಾದದ್ದು ಪಾಲಿನ ದಾವೆ; ಮಾರಾಟದ ಮಾತು ಅದರೊಳಗೆ ಬರುತ್ತದೆ.

ಮೊದಲು ಹಿಸ್ಸೆ ಲೆಕ್ಕ ಹಾಕಿ. ಇಲ್ಲಿ ಹೇಳುವುದು ಹಿಂದೂ ಕುಟುಂಬಗಳ ಲೆಕ್ಕ. ಮುಸ್ಲಿಮರ, ಕ್ರೈಸ್ತರ ವಾರಸಾ ಕಾನೂನು ಬೇರೆ. ಅಪ್ಪ ಸ್ವಂತ ದುಡಿಮೆಯಲ್ಲಿ ಕಟ್ಟಿದ ಮನೆ, ಉಯಿಲು ಬರೆದಿಲ್ಲ ಅಂದರೆ ಅಮ್ಮನಿಗೂ ಮಕ್ಕಳಿಗೂ ಸಮಪಾಲು. ಮಗಳು ಮದುವೆಯಾಗಿ ಹೋದಳು ಅಂತ ಕಡಿಮೆಯಾಗುವುದಿಲ್ಲ. ವಾಸದ ಮನೆಯಲ್ಲಿ ಗಂಡುಮಕ್ಕಳು ಪಾಲು ಮಾಡಿಕೊಳ್ಳುವ ತನಕ ಹೆಣ್ಣುಮಕ್ಕಳು ಪಾಲು ಕೇಳುವಂತಿಲ್ಲ ಎಂದಿದ್ದ, ಹಿಂದೂ ಉತ್ತರಾಧಿಕಾರ ಕಾಯಿದೆಯ 23ನೇ ಕಲಮು 2005ರಲ್ಲೇ ತೆಗೆದುಹೋಯಿತು. ಊರಲ್ಲಿ ಇನ್ನೂ ಅದನ್ನೇ ಹೇಳಿ ಅಕ್ಕತಂಗಿಯರನ್ನು ಸುಮ್ಮನಿರಿಸುವವರಿದ್ದಾರೆ, ಅದು ಅನ್ಯಾಯ.

ಹೆಚ್ಚು ಎಡವುವುದು, ತೀರಿಹೋದ ಅಕ್ಕ ಒಬ್ಬಳಿದ್ದರೆ ಅವಳ ವಿಷಯದಲ್ಲಿ. ಅಪ್ಪ ತೀರಿದ ಮೇಲೆ ಅಕ್ಕ ತೀರಿಕೊಂಡಿದ್ದರೆ ಅವಳ ಹಿಸ್ಸೆ ಮಕ್ಕಳಿಗೂ ಗಂಡನಿಗೂ ಹೋಗುತ್ತದೆ. ಮಕ್ಕಳು ಮೊಮ್ಮಕ್ಕಳು ಯಾರೂ ಇಲ್ಲದಿದ್ದರೆ ಅಪ್ಪನ ವಾರಸುದಾರರಿಗೇ ವಾಪಸು. ಭಾವನನ್ನು ಪ್ರತಿವಾದಿ ಮಾಡದೆ ಬಿಟ್ಟರೆ, ಎಲ್ಲ ಹಿಸ್ಸೇದಾರರನ್ನು ಸೇರಿಸಿಲ್ಲ ಎಂಬ ಒಂದೇ ಕಾರಣಕ್ಕೆ ದಾವೆ ಬೀಳಬಹುದು. ಆಸ್ತಿಯೂ ಹಾಗೇ. ಪೇಟೆಯ ಮನೆಯೊಂದನ್ನೇ ಬರೆದು ಹಳ್ಳಿಯ ತೋಟ, ತೆಂಗಿನ ಹಿತ್ತಲು ಬಿಟ್ಟರೆ ಅರೆಪಾಲಿನ ದಾವೆ ಅಂತ ಎದುರಿನವರು ತಕರಾರು ತೆಗೆಯುತ್ತಾರೆ.

ಪಹಣಿಯಲ್ಲೋ ಪ್ರಾಪರ್ಟಿ ಕಾರ್ಡಿನಲ್ಲೋ ಅಣ್ಣನ ಹೆಸರು ಮಾತ್ರ ಇದೆ ಅಂತ ಗಾಬರಿ ಬೇಡ. ವಾರಸಾ ದಾಖಲೆಯಿಂದ ಒಡೆತನ ಹುಟ್ಟುವುದಿಲ್ಲ. ಕೋರ್ಟ್ ಫೀ ಮಾತ್ರ ವಿಚಾರ ಮಾಡಬೇಕಾದದ್ದು. ಜಂಟಿ ಸ್ವಾಧೀನದಲ್ಲಿದ್ದೇವೆ ಅಂದರೆ ಕರ್ನಾಟಕದ 1958ರ ಕೋರ್ಟ್ ಫೀ ಕಾಯಿದೆಯ 35(2)ನೇ ಕಲಮಿನಡಿ ನಿಗದಿತ ಅಲ್ಪ ಫೀ. ನಮ್ಮನ್ನು ಹೊರಗಿಟ್ಟಿದ್ದಾರೆ ಅಂತ ಬರೆದರೆ ನಿಮ್ಮ ಹಿಸ್ಸೆಯ ಮಾರುಕಟ್ಟೆ ಬೆಲೆಯ ಮೇಲೆ ಫೀ. ಸಿಟ್ಟಿನಲ್ಲಿ "ಮನೆಗೇ ಸೇರಿಸುವುದಿಲ್ಲ" ಅಂತ ವಾದಪತ್ರದಲ್ಲಿ ಬರೆಸುವವರು ಇದನ್ನು ನೋಡಿಕೊಳ್ಳಿ.

ದಾವೆಯಲ್ಲಿ ಮೊದಲು ಬರುವುದು ಪ್ರಾಥಮಿಕ ಡಿಕ್ರಿ, ಅಂದರೆ ಕೋರ್ಟಿನ ಮೊದಲ ಹಂತದ ತೀರ್ಪು: ಯಾರಿಗೆ ಎಷ್ಟು ಹಿಸ್ಸೆ ಅನ್ನುವುದು ಮಾತ್ರ. ಅದು ಬಂದ ದಿನ ಗೆದ್ದೆವು ಅಂತ ಫೈಲು ಕಟ್ಟಿಡುವವರು ಬಹಳ. ಆಮೇಲೆ ಅಂತಿಮ ಡಿಕ್ರಿಯ ಹಂತದಲ್ಲಿ ಕೋರ್ಟ್ ನೇಮಿಸಿದ ಕಮಿಷನರ್ ಬಂದು ಅಳತೆ ಮಾಡುತ್ತಾರೆ. ಕಂದಾಯದ ತೋಟ, ಗದ್ದೆ ಇದ್ದರೆ ಅದರ ವಿಭಜನೆ ಜಿಲ್ಲಾಧಿಕಾರಿ ಕಡೆಗೆ, ಮನೆಯದು ಕಮಿಷನರ್ ಕಡೆಗೆ. ಕೊನೆಗೆ ಅಂತಿಮ ಡಿಕ್ರಿಯನ್ನು ಛಾಪಾ ಕಾಗದದ ಮೇಲೆ ಬರೆಸದಿದ್ದರೆ ಅಮಲು ಮಾಡಿಸಲು ಬರುವುದಿಲ್ಲ.

ಹೆಂಚಿನ ಮನೆ, ಒಂದೇ ಬಾವಿ, ಒಂದೇ ದಾರಿ. ಮೂರು ತುಂಡು ಮಾಡುವುದು ಹೇಗೆ? ಇಲ್ಲಿ 1893ರ ಪಾರ್ಟಿಷನ್ ಕಾಯಿದೆಯ 2ನೇ ಕಲಮು ಬೇಕಾಗುತ್ತದೆ. ಒಟ್ಟು ಅರ್ಧ ಅಥವಾ ಹೆಚ್ಚು ಹಿಸ್ಸೆಯವರು ಕೇಳಿದರೆ, ಭಾಗ ಮಾಡುವುದಕ್ಕಿಂತ ಮಾರುವುದೇ ಎಲ್ಲರಿಗೂ ಲಾಭ ಅಂತ ಕೋರ್ಟಿಗೆ ಮನವರಿಕೆಯಾದರೆ, ಮಾರಾಟಕ್ಕೆ ಆದೇಶ. ಅಮ್ಮ ಇಲ್ಲದ ಮೂವರಲ್ಲಿ ತಮ್ಮ, ತಂಗಿ ಸೇರಿದರೆ 2/3 ಆಯಿತು. ತಂಗಿ ಒಬ್ಬಳೇ 1/3 ಹಿಡಿದು ಇದರಡಿ ಕೇಳಲು ಬರುವುದಿಲ್ಲ.

ಆದರೆ ಮಾರಾಟ ಕೇಳಿದ ಕೂಡಲೇ 3ನೇ ಕಲಮು ಅಣ್ಣನ ಕೈಗೆ ಬರುತ್ತದೆ. ನಿಮ್ಮ ಹಿಸ್ಸೆಯನ್ನು ಕೋರ್ಟ್ ಕಟ್ಟಿಸಿದ ಬೆಲೆಗೆ ತಾನೇ ಕೊಳ್ಳುತ್ತೇನೆ ಅಂತ ಅವನು ಅರ್ಜಿ ಹಾಕಬಹುದು. ಅವನು ಹಾಕಿದ ಮೇಲೆ, ನೀವು "ನಾನು ಮಾರುವುದಿಲ್ಲ" ಅಂತ ದಾವೆ ವಾಪಸು ತೆಗೆದು ಅವನ ಹಕ್ಕು ತಪ್ಪಿಸಲು ಬರುವುದಿಲ್ಲ. 1972ರಲ್ಲೇ ಸುಪ್ರೀಂ ಕೋರ್ಟ್ ಹಾಗೆ ತೀರ್ಮಾನಿಸಿದೆ. ಹಾಗಾಗಿ ಹೊರಗಿನವರಿಂದ ದೊಡ್ಡ ಬೆಲೆ ಬರುತ್ತದೆ ಅಂತ ಎಣಿಸುವವರು ಬೆಲೆ ಕಟ್ಟುವ ಹಂತದಲ್ಲಿ ಮೈಯೆಲ್ಲ ಕಣ್ಣಾಗಿರಬೇಕು. ಹಳೇ ಕಟ್ಟಡಕ್ಕೆ ಬೆಲೆ ಕಡಿಮೆ, ಬೆಲೆಯೆಲ್ಲ ನೆಲಕ್ಕೆ. ಜಾಗ ಬಿನ್‌ಶೇತ್ಕಿ (ಕೃಷಿಯೇತರ) ಆಗಿದೆಯೋ, ಸಮುದ್ರದ ಹತ್ತಿರವಾದರೆ ಸಿಆರ್‌ಜಡ್ (ಕರಾವಳಿ ನಿಯಂತ್ರಣ ವಲಯ) ಒಳಗೆ ಬರುತ್ತದೋ ಅನ್ನುವುದರ ಮೇಲೆ ಬೆಲೆ ಏರಿಳಿಯುತ್ತದೆ. ಹತ್ತಿರದ ನೋಂದಣಿಯಾದ ಮಾರಾಟ ಪತ್ರಗಳ ನಕಲು ಹಾಜರು ಮಾಡಿ. ಬೆಲೆ ಕಟ್ಟಿದ ವರದಿಗೆ ಆಕ್ಷೇಪಣೆಯಿದ್ದರೆ ಅದನ್ನು ಗಡುವಿನೊಳಗೇ ಹಾಕಿ.

ಸಿಟ್ಟಿಗೆ ತನ್ನ ಹಿಸ್ಸೆಯನ್ನು ಹೊರಗಿನವರಿಗೆ ಬರೆದುಕೊಡುವವರೂ ಇದ್ದಾರೆ. ವಾಸದ ಮನೆಯಲ್ಲಿ ಆ ಖರೀದಿದಾರನಿಗೆ ಒಳಗೆ ಬಂದು ಕೂತುಕೊಳ್ಳುವ ಹಕ್ಕು ಸಿಗುವುದಿಲ್ಲ. ಅವನು ಪಾಲು ಕೇಳಿ ದಾವೆ ಹಾಕಿದರೆ, ಮನೆಯವರು ಪಾರ್ಟಿಷನ್ ಕಾಯಿದೆಯ 4ನೇ ಕಲಮಿನಡಿ ಅವನ ಹಿಸ್ಸೆ ಕೊಂಡುಬಿಡಬಹುದು. ಇದು ಗೊತ್ತಿರುವ ಖರೀದಿದಾರ ಅಂಥ ಹಿಸ್ಸೆಗೆ ಮಾರುಕಟ್ಟೆ ಬೆಲೆ ಕೊಡುವುದಿಲ್ಲ.

ದಾವೆಯ ನಡುವೆ ರಾಜಿಯಾದರೆ ಮಧ್ಯಸ್ಥಿಕೆ ಕೇಂದ್ರದಲ್ಲೋ ಲೋಕ ಅದಾಲತಿನಲ್ಲೋ ಬರೆಸಿಕೊಳ್ಳಿ. ಹಣ ಕೊಡುವ ದಿನ, ಮನೆ ಖಾಲಿ ಮಾಡುವ ದಿನ, ದೇವರ ಮೂರ್ತಿ ಯಾರ ಮನೆಗೆ ಹೋಗಬೇಕು ಅನ್ನುವುದು, ಈ ಮೂರೂ ರಾಜಿ ಪತ್ರದಲ್ಲಿ ಬರಲಿ. ಕೊನೆಯದನ್ನು ಬರೆಯದೆ ಬಿಟ್ಟರೆ ತಕರಾರು ಅಲ್ಲಿಂದಲೇ ಮತ್ತೆ ಏಳುತ್ತದೆ.