ವಿಸ್ತೀರ್ಣ ಉಳಿಯಿತು, ಹೊಯ್ಗೆ ದಿಬ್ಬ ಉಳಿಯಲಿಲ್ಲ

ಉಪಗ್ರಹ ಚಿತ್ರಗಳಿಂದ ಕರಾವಳಿಯ ಮರಳು ದಿಬ್ಬಗಳ ಬದಲಾವಣೆಯನ್ನು ಗುರುತಿಸುವುದು ನನ್ನ ಉದ್ಯೋಗ. ಹೊನ್ನಾವರ ತಾಲೂಕಿನ ಒಂದು ತುಂಡು ತೀರದ ವರದಿ ಪರಿಶೀಲನೆಗೆ ಬಂದ ದಿನ ಇಂದಿಗೂ ನನ್ನ ಮನಸ್ಸನ್ನು ಕುಟುಕುತ್ತದೆ. ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರಗಳ ವರ್ಗೀಕರಣದ ಪ್ರಕಾರ ಅಲ್ಲಿನ ದಿಬ್ಬದ ವಿಸ್ತೀರ್ಣ ಕೆಲವು ವರ್ಷಗಳಿಂದ ಹೆಚ್ಚುಕಡಿಮೆ ಹಾಗೆಯೇ ಇತ್ತು, ಹಸಿರಿನ ಪ್ರಮಾಣ ತೋರಿಸುವ ಸೂಚ್ಯಂಕ ಎನ್‌ಡಿವಿಐ ಏರಿತ್ತು. ಕೋಷ್ಟಕದ ಆ ಸಾಲಿನಲ್ಲಿ ‘ಸ್ಥಿರ’ ಎಂದು ನಮೂದಿಸುವುದಷ್ಟೇ ಬಾಕಿಯಿತ್ತು.

ಚಿತ್ರಗಳ ಆಯ್ಕೆಯಲ್ಲಿ ನಮ್ಮ ತಂಡ ಉದಾಸೀನ ಮಾಡಿರಲಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯನ್ನು ಮೋಡ ಮುಚ್ಚಿರುತ್ತದೆ. ಅದೇ ತಿಂಗಳುಗಳಲ್ಲಿ ಅಲೆಗಳು ದಡದ ಮರಳನ್ನು ಎಳೆದೊಯ್ದು, ಮಳೆಗಾಲ ಕಳೆದ ಮೇಲೆ ನಿಧಾನವಾಗಿ ಮರಳಿ ತಂದು ಹಾಕುತ್ತವೆ. ಅಕ್ಟೋಬರ್‌ನ ಚಿತ್ರದ ಪಕ್ಕದಲ್ಲಿ ಮೇ ತಿಂಗಳಿನದನ್ನು ಇಟ್ಟರೆ ಇಲ್ಲದ ಬೆಳವಣಿಗೆ ಕಾಣುತ್ತದೆ. ಉಪಗ್ರಹ ಪ್ರತಿ ಸಲವೂ ಬೆಳಗಿನ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಹಾದುಹೋದರೂ, ಆ ಹೊತ್ತಿಗೆ ಒಂದು ದಿನ ಉಬ್ಬರವಿದ್ದರೆ ಇನ್ನೊಂದು ದಿನ ಇಳಿತವಿರುತ್ತದೆ. ಇಳಿಜಾರು 50 ಮೀಟರಿಗೆ 1 ಮೀಟರ್ ಇರುವಲ್ಲಿ ನೀರು 1 ಮೀಟರ್ ಏರಿದರೆ ದಡದ ಗೆರೆ 50 ಮೀಟರ್, ಅಂದರೆ ಚಿತ್ರದಲ್ಲಿ 10 ಮೀಟರಿನ 5 ಪಿಕ್ಸೆಲ್‌ನಷ್ಟು ಹಿಂದೆ ಸರಿಯುತ್ತದೆ. ಇದನ್ನೆಲ್ಲ ಲೆಕ್ಕಕ್ಕೆ ಹಿಡಿದೇ ಫೆಬ್ರವರಿಯ ಚಿತ್ರಗಳನ್ನು ಆರಿಸಿದ್ದೆವು. ಅಷ್ಟು ಎಚ್ಚರ ವಹಿಸಿ ಪಡೆದ ಫಲಿತಾಂಶವಾದ್ದರಿಂದಲೇ ಅದನ್ನು ಪ್ರಶ್ನಿಸಲು ಯಾರಿಗೂ ಮನಸ್ಸಿರಲಿಲ್ಲ.

ಗ್ರೌಂಡ್ ಟ್ರೂತ್‌ಗೆ, ಅಂದರೆ ಚಿತ್ರದಲ್ಲಿ ಕಂಡದ್ದನ್ನು ಸ್ಥಳದಲ್ಲೇ ತಾಳೆ ನೋಡಲು ಹೋದಾಗ ಚಿತ್ರದಲ್ಲಿ ಹಸಿರಾಗಿ ತೋರಿದ್ದು ಗಾಳಿ ಮರದ ತೋಪೆಂದು ತಿಳಿಯಿತು. ಮರಳನ್ನು ಹಿಡಿದು ದಿಬ್ಬ ಕಟ್ಟುವ ರಾವಣನ ಮೀಸೆ ಹುಲ್ಲು ಅಂಚಿನಲ್ಲಿ ಅಲ್ಲೊಂದು ಇಲ್ಲೊಂದು ಕಂತೆಯಾಗಿ ಉಳಿದಿತ್ತು. ಅದರ ಮುಳ್ಳುತಲೆಗಳು ಗಾಳಿಗೆ ಉರುಳಿ ಹೋಗಿ, ಸಮತಟ್ಟು ಮಾಡಿದ ನೆಲದ ಮೇಲೆ ಎಲ್ಲಿಯೂ ನಿಲ್ಲದೆ, ತೋಪಿನಾಚೆಯ ಬೇಲಿಯ ಬುಡದಲ್ಲಿ ರಾಶಿ ಬಿದ್ದಿದ್ದವು. ಬಲೆ ಸರಿಪಡಿಸುತ್ತಿದ್ದ ಹಿರಿಯರೊಬ್ಬರು ತಮ್ಮ ಮನೆಯ ಜಗಲಿಯನ್ನು ತೋರಿಸಿ, “ಮೊದಲು ಅಲ್ಲಿ ಕೂತ್ರೆ ಸಮುದ್ರದ ಸದ್ದು ಮಾತ್ರ ಕೇಳ್ತಿತ್ತು ತಂಗಿ, ನೀರು ಕಾಣ್ತಿರಲಿಲ್ಲ. ಈಗ ದೋಣಿ ಬರೂದೂ ಕಾಣ್ತದೆ” ಎಂದರು. ದಿಬ್ಬದ ಎತ್ತರ ಎಷ್ಟು ತಗ್ಗಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಹೇಳಿಕೆಯನ್ನು ನಾನು ಯಾವ ವರದಿಯಲ್ಲೂ ಓದಿಲ್ಲ.

ಸಭೆಯಲ್ಲಿ ಇದನ್ನು ಮಂಡಿಸಿದಾಗ ಮುಖ್ಯಸ್ಥರು ಕೆಲಸದ ಷರತ್ತುಗಳ ಪತ್ರವಾದ ಟಿಒಆರ್ ತೆಗೆದು, “ಮೇಡಂ, ಇದರಲ್ಲಿ ಕೇಳಿರುವುದು ವಿಸ್ತೀರ್ಣ ಮಾತ್ರ. ಎತ್ತರ ನಮ್ಮ ಡೆಲಿವರೆಬಲ್ ಅಲ್ಲ” ಎಂದರು. ಎಲ್ಲರೂ ಪರದೆಯ ಮೇಲಿನ ಕೋಷ್ಟಕವನ್ನೇ ನೋಡುತ್ತಿದ್ದರು. ಅದರಲ್ಲಿ ನನ್ನ ಮಾತಿಗೆ ಅಂಕಣವೇ ಇರಲಿಲ್ಲ. ಹಳೆಯ ಡಿಇಎಂ (ನೆಲದ ಎತ್ತರದ ಡಿಜಿಟಲ್ ನಕ್ಷೆ) ಬಳಸಿ ಎತ್ತರ ತೆಗೆಯಬಹುದಲ್ಲ ಎಂದು ಒಬ್ಬರು ಸೂಚಿಸಿದರು. 2000ದಲ್ಲಿ ಬಾಹ್ಯಾಕಾಶ ನೌಕೆಯ ರಾಡಾರ್ ಅಳೆದ ಎಸ್‌ಆರ್‌ಟಿಎಂ ಆಗಲಿ, ಭಾರತದ ಉಪಗ್ರಹ ಕಾರ್ಟೋಸ್ಯಾಟ್-1ರ ಜೋಡಿ ಚಿತ್ರಗಳಿಂದ ತೆಗೆದ ಸ್ಟೀರಿಯೊ ಡಿಇಎಂ ಆಗಲಿ, ಅವುಗಳಲ್ಲಿ ಎತ್ತರದ ದೋಷವೇ ಕೆಲವು ಮೀಟರ್‌ಗಳಷ್ಟಿರುತ್ತದೆ. ನಮ್ಮ ದಿಬ್ಬಗಳ ಎತ್ತರವೂ ಅಷ್ಟೇ. 2018ರಲ್ಲಿ ಹಾರಿದ ಐಸ್‌ಸ್ಯಾಟ್-2 ಉಪಗ್ರಹದ ಲೇಸರ್ ನಿಖರವಾದರೂ ತನ್ನ ಪಥದ ಗೆರೆಯುದ್ದಕ್ಕೆ ಮಾತ್ರ ಅಳೆಯುತ್ತದೆ. ಇಷ್ಟನ್ನು ವಿವರಿಸಿದ ಮೇಲೂ, ಅಂತಿಮ ದಿನಾಂಕ ಮೀರುತ್ತದೆಂಬ ಆತಂಕವೇ ಕೋಣೆಯಲ್ಲಿ ಮೇಲುಗೈ ಪಡೆಯಿತು.

ನಾನು ಪಟ್ಟು ಬಿಡದಿದ್ದುದಕ್ಕೆ ಕಾರಣವಿತ್ತು. ಮರಳು ದಿಬ್ಬಗಳು ಕರಾವಳಿ ನಿಯಂತ್ರಣ ವಲಯದ (ಸಿಆರ್‌ಝಡ್) ನಿಯಮಗಳಲ್ಲಿ ಪರಿಸರ ಸೂಕ್ಷ್ಮ ಪ್ರದೇಶಗಳ ವರ್ಗವಾದ ಸಿಆರ್‌ಝಡ್-1ಎಗೆ ಸೇರುತ್ತವೆ. 2019ರ ಅಧಿಸೂಚನೆಯಲ್ಲೂ ಅದು ಸ್ಪಷ್ಟವಾಗಿದೆ. ನೆಲಸಮವಾದ ದಿಬ್ಬವನ್ನು ನಾವೇ ಸುಸ್ಥಿತಿಯಲ್ಲಿದೆ ಎಂದು ದಾಖಲಿಸಿದರೆ, ಮುಂದೆ ಅಲೆ ಒಳನುಗ್ಗಿದಾಗ ಕೇರಿಯವರು ಯಾವ ಕಾಗದ ಹಿಡಿದು ಕೇಳಬೇಕು? ಕೊನೆಗೆ ನಿಖರ ಜಿಪಿಎಸ್ ಉಪಕರಣದಿಂದ (ಡಿಜಿಪಿಎಸ್) ಅಳೆದ ದಿಬ್ಬದ ಅಡ್ಡಛೇದಗಳನ್ನು ಅನುಬಂಧವಾಗಿ ಸೇರಿಸಲು ಒಪ್ಪಿಗೆ ಸಿಕ್ಕಿತು, ‘ಸ್ಥಿರ’ ಎಂಬುದರ ಬದಲು ‘ವಿಸ್ತೀರ್ಣದಲ್ಲಿ ಬದಲಾವಣೆಯಿಲ್ಲ, ಎತ್ತರ ಕುಸಿದಿದೆ’ ಎಂಬ ವಾಕ್ಯ ಬಂತು.

ಈಗ ದಿಬ್ಬದ ಹಿಂಬದಿಯಲ್ಲಿ ಎತ್ತರದ ಅಳತೆಗೆ ಆಧಾರವಾಗುವ ಕಾಂಕ್ರೀಟಿನ ಬೆಂಚ್‌ಮಾರ್ಕ್‌ಗಳನ್ನು ಹೂತಿದ್ದೇವೆ. ಅಲ್ಲಿಂದ ಕಡಲಿನ ಕಡೆಗೆ ನೇರ ಗೆರೆಯಲ್ಲಿ ಎತ್ತರ ಅಳೆದು, ನಂತರವೇ ಆ ವರ್ಷದ ಚಿತ್ರವನ್ನು ತೆರೆಯುತ್ತೇವೆ. ಹಣ ಮಂಜೂರಾಗಿರುವುದು ಮಳೆಗಾಲದ ನಂತರದ ಅಳತೆಗೆ ಮಾತ್ರ. ಮೇ ತಿಂಗಳ ಅಳತೆಯೂ ಇಲ್ಲದಿದ್ದರೆ ಆ ವರ್ಷದ ಮಳೆಗಾಲ ದಿಬ್ಬದಿಂದ ಎಷ್ಟು ಕಸಿಯಿತೆಂಬುದು ಗೊತ್ತಾಗುವುದಿಲ್ಲ ಎಂದು ಬರೆದ ಟಿಪ್ಪಣಿ ಇನ್ನೂ ಮೇಲಧಿಕಾರಿಗಳ ಕಡತದಲ್ಲಿಯೇ ಇದೆ.