ಹೊಡೆ ತುಂಬಿದ ಗದ್ದೆಗೆ ಬಯಕೆಯೂಟ

ಸೀಗೆ ಹುಣ್ಣಿಮೆಯ ಹೊತ್ತಿಗೆ ಸಾಗರ, ಸೊರಬದ ಕಡೆ ಕೆರೆ ಕೆಳಗಿನ ಗದ್ದೆಗಳಲ್ಲಿ ಭತ್ತ ಹೊಡೆಯಾಗಿರುತ್ತದೆ. ಸಸಿಯ ನಡು ಉಬ್ಬಿ, ತೆನೆ ಇನ್ನೂ ಎಲೆಯ ಸುರುಳಿಯೊಳಗೇ ಇರುತ್ತದೆ. ಬಸುರಿಗೆ ಬಯಕೆಯೂಟ ಹಾಕದ ಮನೆ ಉಂಟೇ? ಭೂಮಿತಾಯಿಗೆ ಹಾಕುವ ಆ ಊಟವೇ ಭೂಮಿ ಹುಣ್ಣಿಮೆ. ಅಧಿಕ ಮಾಸ ಬಂದ ವರ್ಷ ಹುಣ್ಣಿಮೆ ಮುಂದೆ ಹೋಗಿ ತೆನೆ ಹೊರಗೆ ಬಂದುಬಿಟ್ಟಿರುವುದೂ ಉಂಟು. ಆದರೂ ಪೂಜೆ ತಪ್ಪಿಸುವಂತಿಲ್ಲ.

ಮಲೆನಾಡಿನ ಬೇಸಾಯಗಾರ ಸಮುದಾಯವಾದ ದೀವರ ಮನೆಗಳಲ್ಲಿ ಮಹಾನವಮಿ ಕಳೆದದ್ದೇ ಬಿದಿರಿನ ಭೂಮಣ್ಣಿ ಬುಟ್ಟಿಗಳು ಕೆಳಗಿಳಿಯುತ್ತವೆ. ದೊಡ್ಡದು ಎಡೆಯ ಅಡುಗೆಗೆ, ಚಿಕ್ಕದು ಹಚ್ಚಂಬಲಿಗೆ, ಅಂದರೆ ಗದ್ದೆಗೆ ಬೀರುವ ಸೊಪ್ಪಿನ ಅಡುಗೆಗೆ. ಮೊದಲು ಸಗಣಿ ಬಳಿದು ಬಿದಿರಿನ ಸಂದು ಮುಚ್ಚಬೇಕು, ಮೇಲೆ ಕೆಮ್ಮಣ್ಣು. ದಪ್ಪ ಬಳಿದರೆ ಬಿರುಕು ಬಿಟ್ಟು ಉದುರುತ್ತದೆ. ಪೂರ್ತಿ ಒಣಗುವ ಮೊದಲೇ ಚಿತ್ತಾರಕ್ಕೆ ಕೂತರೆ ಗೆರೆ ಹರಡಿ ಕೆಡುತ್ತದೆ. ನೆನೆಸಿದ ಅಕ್ಕಿಯನ್ನು ನುಣ್ಣಗೆ ಅರೆದರೆ ಬಿಳಿ, ಕಪ್ಪಗಾಗುವಂತೆ ಹುರಿದ ಅಕ್ಕಿಯಿಂದ ಕಪ್ಪು, ಗುರಿಗೆ ಕಾಯಿಯಿಂದ ಹಳದಿ. ಪುಂಡಿ ನಾರಿನ ತುದಿ ಜಜ್ಜಿದರೆ ಅದೇ ಕುಂಚ. ಅಂಗಡಿ ಪೇಂಟಿನಲ್ಲಿ ಬರೆದ ಬುಟ್ಟಿಗಳನ್ನೂ ಈಗ ನೋಡಬೇಕಾಗಿದೆ. ಹೊಳಪೇನೋ ಇದೆ, ಆದರೆ ಅನ್ನ ಹೊರುವ ಬುಟ್ಟಿಗೆ ಅಕ್ಕಿಯ ಗೆರೆಯೇ ಚೆಂದ.

ಹುಣ್ಣಿಮೆಯ ಹಿಂದಿನ ದಿನ ಗುಡ್ಡದ ಸೊಪ್ಪು ತರುತ್ತಾರೆ. ನೂರೊಂದು ಕುಡಿ ಎನ್ನುವುದು ರೂಢಿಯ ಮಾತು. ಸಿಕ್ಕಷ್ಟನ್ನು ಹರಿವೆ, ಹೀರೆಕಾಯಿ, ಅಮಟೆಕಾಯಿಯ ಜೊತೆ ಹೆಚ್ಚಿ, ಅಕ್ಕಿಯೊಡನೆ ಬೇಯಿಸುತ್ತಾರೆ. ಅದೇ ಹಚ್ಚಂಬಲಿ. ಇರುಳೆಲ್ಲ ಒಲೆ ಆರುವುದಿಲ್ಲ. ಹೆಂಗಸರು ಮಿಂದು, ನಿದ್ದೆಗೆಟ್ಟು ಕಡುಬು ಕಟ್ಟುತ್ತಾರೆ. ಕಹಿ, ಹುಳಿ, ಒಗರು ಎಲ್ಲ ಕೂಡಿದ ಆ ಹಸಿರು ವಾಸನೆ ಹೊಗೆಯೊಂದಿಗೆ ಸೀರೆಯ ಸೆರಗಿಗೆ ಹತ್ತುತ್ತದೆ, ತಲೆಗೂದಲಿಗೆ ಹತ್ತುತ್ತದೆ, ಮಲಗಿದ ಮಕ್ಕಳ ಕಂಬಳಿಯೊಳಗೂ ಇಳಿಯುತ್ತದೆ. ಯಾವ ಧೂಪವೂ ಅದಕ್ಕೆ ಸಮನಲ್ಲ. ಬೆಳಕು ಹರಿಯುವ ಮೊದಲು ಗಂಡಸರು ಚಿಕ್ಕ ಬುಟ್ಟಿ ಹೊತ್ತು, ದೊಂದಿ ಹಿಡಿದು, ಉಂಡು ಹೋಗು ತಾಯಿ ಎಂದು ಕೂಗುತ್ತ ಗದ್ದೆಯ ಅಂಚಿನುದ್ದಕ್ಕೂ ಹಚ್ಚಂಬಲಿ ಬೀರುತ್ತಾರೆ.

ಬೆಳಗಾದ ಮೇಲೆ ಮನೆಯವರೆಲ್ಲ ಗದ್ದೆಗೆ ಬರುತ್ತಾರೆ. ಚೆನ್ನಾಗಿ ಬಂದ ಸಸಿಯ ಬುಡ ನೋಡಿ ಅರಿಶಿನ ಕುಂಕುಮ ಇಟ್ಟು, ಮನೆಯ ಮುತ್ತೈದೆಯ ಮಾಂಗಲ್ಯ ಸರವನ್ನೇ ತೊಡಿಸಿ ಪೂಜಿಸುತ್ತಾರೆ. ಕಾಗೆಗೊಂದು ಎಡೆ, ಇಲಿಗೊಂದು ಎಡೆ. ಬೆಳೆ ತಿನ್ನುವ ಇಲಿಗೂ ಪಾಲಿಡುವ ಈ ಧರ್ಮ ಯಾವ ಪುರಾಣಕ್ಕೂ ಕಡಿಮೆಯದಲ್ಲ.

ಆದರೆ ಬಯಕೆ ತೀರಿಸುವುದು ಅನ್ನವೊಂದರಿಂದಲೇ ಆಗುವುದಿಲ್ಲ. ಹೊಡೆ ಬಂದಾಗ ಗದ್ದೆಯಲ್ಲಿ ಎರಡು ಅಂಗುಲ ನೀರು ನಿಂತಿರಬೇಕು, ಇಲ್ಲದಿದ್ದರೆ ತೆನೆ ಜಳ್ಳಾಗುತ್ತದೆ. ಮಳೆ ಹಿಂದಾಗುವ ಆ ಕಾಲದಲ್ಲಿ ಕಾಯುವವಳು ಕೆರೆಯೇ. ತೂಬಿನ ಬಾಯಿಗೆ ಹೂಳು ಕೂತಿದ್ದರೆ, ಕಾಲುವೆಯಲ್ಲಿ ಜೊಂಡು ಬೆಳೆದಿದ್ದರೆ ಕೊನೆಯ ಮಡಿಗೆ ನೀರು ಮುಟ್ಟುವುದಿಲ್ಲ. ಕೆರೆ ಏರಿಯ ಮೇಲಿನ ಚೌಡಿ ದೇವತೆಗೆ ಕಾಯಿ ಒಡೆದು, ಅವಳ ಕಾಲಬುಡದ ಕಾಲುವೆ ಕಟ್ಟಿಕೊಂಡಿದ್ದರೂ ಕಣ್ಣೆತ್ತಿ ನೋಡದೆ ಹೋಗುವ ಭಕ್ತಿ ಎಂಥದು?

ಇಲ್ಲಿನ ಎಷ್ಟೋ ಮನೆಗಳಿಗೆ ಗದ್ದೆ ತಲೆತಲಾಂತರದ್ದು, ಪಹಣಿ ಮಾತ್ರ ಇತ್ತೀಚಿನದು. ಗೇಣಿ ಅಳೆಯುವ ಕೊಳಗದ ತಕರಾರೇ 1951ರಲ್ಲಿ ಸಾಗರದ ಬಳಿಯ ಕಾಗೋಡಿನ ಗೇಣಿದಾರರ ಸತ್ಯಾಗ್ರಹಕ್ಕೆ ದಾರಿಯಾಯಿತು. ಉಳುವವನಿಗೆ ಒಡೆತನ ದಕ್ಕಿದ್ದು 1974ರ ಭೂಸುಧಾರಣೆಯ ಬಳಿಕ. ಅದಕ್ಕೂ ಮುಂಚೆ, ಬೆಳೆದದ್ದರಲ್ಲಿ ಗೇಣಿ ಅಳೆದುಕೊಟ್ಟು ಉಳಿದದ್ದರಲ್ಲೇ ಆ ಹಿರಿಯರು ಭೂಮಿಗೆ ಎಡೆ ಇಟ್ಟರು. ಕಾಗದದಲ್ಲಿ ತಮ್ಮದಲ್ಲದ ನೆಲವನ್ನು ತಾಯಿ ಎಂದರು.

ಈಗ ಗದ್ದೆಗಳು ಅಡಿಕೆ ತೋಟವಾಗುತ್ತಿವೆ. ಅಡಿಕೆ ಮರದ ಬುಡದಲ್ಲೂ ಹಬ್ಬ ನಡೆಯುತ್ತದೆ, ಅದೂ ಸರಿಯೇ, ಭೂಮಿ ಅದೇ ತಾನೆ. ಭತ್ತವನ್ನೇ ಉಳಿಸಿಕೊಂಡವರು ಒಂದು ಮಾತು ನೆನಪಿಡಿ: ಅಲ್ಪಾವಧಿ ತಳಿ ಹಾಕಿದರೆ ಹುಣ್ಣಿಮೆಗೆ ತೆನೆ ಬಲಿತಿರುತ್ತದೆ, ಬಯಕೆಯ ಕಾಲ ಮೀರಿರುತ್ತದೆ. ಒಂದು ಮಡಿಗಾದರೂ ದೀರ್ಘಾವಧಿಯ ಹಳೆ ತಳಿಯ ಅಗೆ ಹಾಕಿ, ಜುಲೈಯಲ್ಲಿ ನೆಟ್ಟಿ ಮುಗಿಸಿ.